ಬಾಗಿಲ ಬಳಿಯ ಮೂವತ್ತೆರಡು

ಓಕ್ಲಹೋಮಾದ ಹಾರ್ಪರ್ ಫೋರ್ಕಿನಲ್ಲಿ ಪಿಸ್ತೂಲು ಇಟ್ಟುಕೊಂಡವರನ್ನು ಯಾರೂ ತಿರುಗಿ ನೋಡುವುದಿಲ್ಲ. ಮೀನಿನ ಗಾಳ, ಮರ ಕೊಯ್ಯುವ ಗರಗಸ, ಪಿಸ್ತೂಲು, ಇವು ಆ ಊರಿನ ಮನೆಗಳಲ್ಲಿ ಇದ್ದೇ ಇರುತ್ತವೆ. ಆದರೆ ಮೂವತ್ತೆರಡರ, ಅಂದರೆ ಸಣ್ಣ ಅಳತೆಯ ಗುಂಡಿನ, ಪಿಸ್ತೂಲು ಇಟ್ಟುಕೊಂಡಿರೋ, ಮುಗಿಯಿತು ನಿಮ್ಮ ಕಥೆ. ಗಂಡಸರು ಹಲ್ಲು ಕಿರಿಯುತ್ತಾರೆ. ಅಂಗಡಿಯವನು ತಲೆ ಕೆರೆದುಕೊಂಡು, "ಅದಕ್ಕೆ ಗುಂಡು ಎಲ್ಲಿಂದ ತರ್ಲಿ? ನಮ್ಮಜ್ಜಿ ಕಾಲದ್ದು ಅದು" ಎನ್ನುತ್ತಾನೆ. ಅವನ ಕಪಾಟಿನಲ್ಲಿ ನೆಲದಿಂದ ಸೂರಿನವರೆಗೆ ಈಗ ಎಲ್ಲರೂ ಬಳಸುವ ಒಂಬತ್ತು ಎಂಎಂ ಗುಂಡಿನ ಡಬ್ಬಿಗಳು. ಮೂವತ್ತೆರಡು ಬೇಕೆಂದರೆ ಹೇಳಿಟ್ಟು ತರಿಸಿಕೊಳ್ಳಬೇಕು, ಬರುವವರೆಗೂ ಕಾಯಬೇಕು.

ವರ್ಲೀನ್ ಟ್ಯಾಕೆಟ್ ಇಂಥ ನಗೆಗೆಲ್ಲ ಸೊಪ್ಪು ಹಾಕುವ ಹೆಂಗಸಲ್ಲ. ಎಪ್ಪತ್ತು ದಾಟಿದ ಮೇಲೂ ತುಟಿಗೆ ಕೆಂಪು ಹಚ್ಚದೆ ಅಂಗಳಕ್ಕೆ ಕಾಲಿಡದವಳು. ಮನೆಯ ಮುಂದಿನ ಕೋಣೆಯಲ್ಲೇ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡು ಊರಿನ ಮುಕ್ಕಾಲು ಪಾಲು ತಲೆಗಳನ್ನು ತಿದ್ದಿದವಳು. ಕತ್ತರಿ ಹಿಡಿದೂ ಹಿಡಿದೂ ಅವಳ ಎರಡೂ ಹೆಬ್ಬೆರಳುಗಳ ಬುಡದಲ್ಲಿ ಸಂಧಿವಾತ ಮನೆ ಮಾಡಿತ್ತು. ಒಂಬತ್ತು ಎಂಎಂ ಪಿಸ್ತೂಲಿಗೆ ಮೊದಲ ಗುಂಡು ಏರಿಸಬೇಕಾದರೆ ಅದರ ಮೇಲ್ಭಾಗವನ್ನು ಗಟ್ಟಿಯಾಗಿ ಹಿಂದಕ್ಕೆಳೆಯಬೇಕು. ಅವಳ ಬೆರಳುಗಳಿಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳವನ್ನೇ ತಿರುಗಿಸಲು ಆಗುತ್ತಿರಲಿಲ್ಲ, ಇದೆಲ್ಲಿಂದ ಬರಬೇಕು?

ಅವಳ ಮೂವತ್ತೆರಡು ಇಟಲಿಯಲ್ಲಿ ಮಾಡಿದ್ದು. ಅಂಗೈಯಗಲದ ಪುಟ್ಟ ಪಿಸ್ತೂಲು. ಪಕ್ಕದ ಸಣ್ಣ ಕೀಲನ್ನು ಒತ್ತಿದರೆ ನಳಿಗೆಯ ಹಿಂತುದಿ ಟಪಕ್ಕನೆ ಮೇಲೆದ್ದು ಬಾಯಿ ಬಿಡುತ್ತದೆ. ಒಂದು ಗುಂಡು ಇಳಿಸಿ, ಒಡವೆ ಡಬ್ಬಿ ಮುಚ್ಚಿದ ಹಾಗೆ ಮುಚ್ಚಿದರಾಯಿತು. ಉಳಿದ ಗುಂಡುಗಳು ಹಿಡಿಯೊಳಗೆ ಕೂರುವ ಗುಂಡಿನ ಗೂಡು, ಮ್ಯಾಗಜಿನ್‌ನಿಂದ ತಾವೇ ಒಂದೊಂದಾಗಿ ಮೇಲೆ ಬರುತ್ತವೆ. ಹೆಬ್ಬೆರಳಿಗೆ ನೋವಿಲ್ಲ, ಯಾರ ಹಂಗೂ ಇಲ್ಲ. "ನನಗೂ ಅದಕ್ಕೂ ಒಂದೇ ಥರದ ಮೈಕಟ್ಟು" ಎಂದು ಅವಳು ಹೇಳಿಕೊಳ್ಳುತ್ತಿದ್ದಳು, "ಸಣ್ಣದು, ಹಳೇದು, ಆದ್ರೆ ಬಾಯಿ ಮಾತ್ರ ಸಲೀಸಾಗಿ ತೆರ್ಕೊಳ್ಳುತ್ತೆ."

ಕೈನೋವಿಗೆ ಕೂದಲಿನ ಅಂಗಡಿ ಮುಚ್ಚಿದ ಮೇಲೆ ವರ್ಲೀನಳಿಗೆ ಉಳಿದಿದ್ದು ಒಂದೇ ಜಾಗ. ಭಾನುವಾರದ ಬೆಳಿಗ್ಗೆ ಚರ್ಚಿನ ಮುಂಬಾಗಿಲು. ಅಲ್ಲಿ ನಿಂತು ಒಳಬರುವವರ ಕೈ ಕುಲುಕುವುದು, ಕಾಲರ್ ಸರಿಮಾಡುವುದು, "ಯಾರೇ ನಿನಗೆ ಈ ಥರ ಕೂದಲು ಕತ್ತರಿಸಿದ್ದು, ಕುರಿ ಕತ್ತರಿಸೋನಾ?" ಎಂದು ಕೆನ್ನೆ ಹಿಂಡುವುದು. ಊರಿನವರ ತಲೆ ಮುಟ್ಟಿ ಮಾತಾಡಿಸಲು ಅವಳಿಗೆ ಬೇರೆ ನೆಪ ಎಲ್ಲಿತ್ತು? ಯಾವನಾದರೂ ಬಂದೂಕು ಹಿಡಿದು ನುಗ್ಗಿಯಾನೆಂಬ ಭಯಕ್ಕೆ ಚರ್ಚಿನಲ್ಲಿ ಕಾವಲು ತಂಡ ಶುರುವಾದಾಗ, ಹೇಗೂ ಬಾಗಿಲಲ್ಲಿ ನಿಲ್ಲುವವಳು, ಕೈಚೀಲದಲ್ಲಿ ಹೇಗೂ ಪಿಸ್ತೂಲು ಇದೆ ಎಂದು ಅವಳನ್ನೂ ಸೇರಿಸಿಕೊಂಡಿದ್ದರು.

ಆ ತಂಡಕ್ಕೆ ಈ ವರ್ಷ ಹೊಸ ನಾಯಕ ಬಂದ. ಟ್ರೆಂಟ್ ಹೋಲ್ಕಂಬ್, ಇನ್ಶೂರೆನ್ಸ್ ಮಾರುವವನು, ನಲವತ್ತರ ಆಸುಪಾಸು. ಅಲ್ಲೆಲ್ಲೋ ಟೆಕ್ಸಾಸಿನಲ್ಲಿ ವಾರಗಟ್ಟಲೆ ತರಬೇತಿ ಪಡೆದು ಬಂದಿದ್ದ, ಪ್ಯಾಂಟಿನ ತುಂಬ ಜೇಬು. ಕೆಟ್ಟವನಲ್ಲ ಪಾಪ. ಆದರೆ ಎಲ್ಲವೂ ಒಂದೇ ಅಚ್ಚಿನಲ್ಲಿ ಇರಬೇಕು ಅನ್ನುವ ಹುಚ್ಚು. ಬುಧವಾರದ ಪ್ರಾರ್ಥನೆ ಮುಗಿದ ಮೇಲೆ, ಬೀನ್ಸು ಮತ್ತು ಜೋಳದ ರೊಟ್ಟಿಯ ತಟ್ಟೆ ಹಿಡಿದುಕೊಂಡೇ ಅವಳ ಹತ್ತಿರ ಬಂದ.

"ಮಿಸ್ ವರ್ಲೀನ್," ಎಂದ. ಮದುವೆಯಾಗಿ ಅರ್ಧ ಶತಮಾನವಾದರೂ ಊರಿಗೆಲ್ಲ ಅವಳು ಮಿಸ್ ವರ್ಲೀನೇ. "ತಂಡದೋರೆಲ್ಲ ಒಂಬತ್ತು ಎಂಎಂ ಇಟ್ಕೋಬೇಕು ಅಂತ ಅಂದ್ಕೊಂಡಿದ್ದೀವಿ. ಕಷ್ಟಕಾಲದಲ್ಲಿ ಒಬ್ಬರ ಗುಂಡು ಇನ್ನೊಬ್ಬರಿಗೆ ಆಗ್ಬೇಕಲ್ವಾ? ನಿಮ್ಮದು… ಅದು ಇಲಿ ಹೊಡೆಯೋಕೆ ಸರಿ."

"ಇಲಿ ಹೊಡೆಯೋಕಾದ್ರೂ ಆಗುತ್ತೆ ಅಂತ ಒಪ್ಕೊಂಡ್ಯಲ್ಲ, ದೊಡ್ಡ ಮನಸ್ಸು ನಿಂದು."

"ತಮಾಷೆ ಅಲ್ಲ ಮಿಸ್ ವರ್ಲೀನ್. ಆಗಲ್ಲ ಅಂದ್ರೆ ಮಕ್ಕಳ ಕೋಣೆ ನೋಡ್ಕೊಳ್ಳಿ. ಅಲ್ಲಿ ಜನ ಬೇಕಾಗಿದ್ದಾರೆ."

"ಟ್ರೆಂಟ್, ನಿನ್ನ ಮೊದಲನೇ ಕೂದಲು ತೆಗೆದಿದ್ದು ನಾನು. ಕತ್ತರಿ ಸದ್ದು ಕೇಳಿ ನನ್ನ ಹೊಸ ಕುರ್ಚಿ ಮೇಲೆ ಉಚ್ಚೆ ಹೊಯ್ದಿದ್ದೆ. ಮಕ್ಕಳನ್ನ ನೋಡ್ಕೊಂಡಿದ್ದು ಆಯ್ತಪ್ಪ ನನಗೆ, ಸಾಕು."

ಸುತ್ತ ಕೂತವರು ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕರು. ಟ್ರೆಂಟನ ಕಿವಿ ಕೆಂಪಾಯಿತು. ಆದರೆ ಅವನು ಬಿಟ್ಟುಕೊಡಲಿಲ್ಲ. ಶನಿವಾರ ಊರಿನ ಬಂದೂಕು ಕ್ಲಬ್ಬಿನ ಮೈದಾನದಲ್ಲಿ ತಂಡಕ್ಕೆಲ್ಲ ಪರೀಕ್ಷೆ, ಅವಳು ತನ್ನ ಪಿಸ್ತೂಲಿನಲ್ಲೇ ಹೊಡೆಯಲಿ, ಗುರಿ ಸರಿಯಿದ್ದು ಪಿಸ್ತೂಲು ಎಲ್ಲೂ ಕೈಕೊಡದಿದ್ದರೆ ಬಾಗಿಲು ಅವಳದೇ ಎಂದ. ಪಿಸ್ತೂಲು ಕೈಕೊಟ್ಟರೆ ಮಕ್ಕಳ ಕೋಣೆ. ನ್ಯಾಯವಾದ ಮಾತೇ.

"ಆಯ್ತು ಕಣಪ್ಪ," ಎಂದಳು ವರ್ಲೀನ್. ಅವಳಿಗೆ ತನ್ನ ಗುರಿಯ ಮೇಲೂ ಆ ಇಟಲಿಯ ಪಿಸ್ತೂಲಿನ ಮೇಲೂ ಎಳ್ಳಷ್ಟೂ ಅನುಮಾನ ಇರಲಿಲ್ಲ. ಅನುಮಾನ ಇದ್ದದ್ದು ಗಂಡನ ಗುಂಡಿನ ಮೇಲೆ. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

ಅವಳ ಗಂಡ ಡಾಯ್ಲ್ ಕರೆಂಟ್ ಕಂಬ ಹತ್ತುವ ಕೆಲಸದಲ್ಲಿದ್ದವನು. ನಿವೃತ್ತಿಯಾದ ಮೇಲೆ ಕಾರ್ ಶೆಡ್ಡಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಗುಂಡು ತಯಾರಿಸುತ್ತಿದ್ದ. ಗುಂಡು ಹಾರಿದ ಮೇಲೆ ಬೀಳುವ ಖಾಲಿ ಹಿತ್ತಾಳೆ ಚಿಪ್ಪನ್ನು ಆರಿಸಿ ತಂದು, ತೊಳೆದು, ಹೊಸ ಮದ್ದು ತುಂಬಿ, ಹಾರಿ ಹೋಗುವ ಹೊಸ ಮೂತಿ ಕೂರಿಸುವ ಕೆಲಸ. ಡಾಯ್ಲನ ಕೈಯಲ್ಲಿ ತಯಾರಾದ ಗುಂಡೆಂದರೆ ಕ್ಲಬ್ಬಿನವರು ಕಣ್ಣು ಮುಚ್ಚಿ ತುಂಬಿಕೊಳ್ಳುತ್ತಿದ್ದರು. ಕಾಸು ಕೇಳುತ್ತಿರಲಿಲ್ಲ. ಜಿಂಕೆ ಮಾಂಸವೋ, ಪಿಕಾನ್ ಬೀಜದ ಕಡುಬೋ ಮನೆಗೆ ಬರುತ್ತಿತ್ತು.

ನಾಲ್ಕು ವರ್ಷದ ಕೆಳಗೆ ಅವನ ಎದೆ ಸೀಳಿ ಆಪರೇಷನ್ ಮಾಡಿದರು. ಮನೆಗೆ ಬಂದವನು ಟಿವಿ ಮುಂದೆ ಕೂತುಬಿಟ್ಟ. ಮಾತಿಲ್ಲ, ಜಗಳವಿಲ್ಲ. ವರ್ಲೀನಳ ಬೈಗುಳಕ್ಕೆ ಉತ್ತರ ಕೊಡುವುದನ್ನೂ ಬಿಟ್ಟ. ಆಗ ಅವಳಿಗೆ ಹೆದರಿಕೆಯಾಯಿತು. ಒಂದು ದಿನ ಯಾರೋ ಅವನನ್ನು ಬಲವಂತವಾಗಿ ತಲ್ಸಾ ಪಟ್ಟಣದ ಬಂದೂಕು ಸಂತೆಗೆ ಕರೆದುಕೊಂಡು ಹೋದರು. ಸಂಜೆ ಬರುವಾಗ ಅವನ ಕಣ್ಣಿನಲ್ಲಿ ಬೆಳಕಿತ್ತು. ಮೂವತ್ತೆರಡಕ್ಕೆ ಕೂರುವ, ತುದಿಯಲ್ಲಿ ತೂತಿರುವ, ಎಲ್ಲೂ ಸಿಗದಂಥ ಮೂತಿಗಳು ಅವನಿಗೆ ಸಿಕ್ಕಿದ್ದವು. ಮೈಮೇಲೆ ಇಟ್ಟುಕೊಳ್ಳುವ ಪಿಸ್ತೂಲಿಗೆ ತೂತು ಮೂತಿಯದೇ ಬೇಕು, ಹೊಕ್ಕ ಕಡೆ ಅರಳಿಕೊಳ್ಳುತ್ತದೆ ಎಂದು ಆ ನಾಡಿನ ಪ್ರತಿಯೊಬ್ಬ ಗಂಡಸೂ ಆಣೆಯಿಟ್ಟು ಹೇಳುತ್ತಾನೆ. "ನನ್ನ ಹೆಂಡ್ತಿ ಬಾಗಿಲಲ್ಲಿ ನಿಲ್ಲೋಳು, ಅವಳಿಗೆ ಅಂಗಡಿ ಗುಂಡು ಯಾಕೆ?" ಎಂದು ಅಂದೇ ಮೇಜಿನ ಮುಂದೆ ಕೂತ. ಮಾರನೆಯ ಬೆಳಿಗ್ಗೆ ಕಾಫಿ ತೆಳ್ಳಗಾಗಿದೆ ಎಂದು ಜಗಳ ತೆಗೆದ. ವರ್ಲೀನ್ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಳು.

ಆ ಗುಂಡು ಹೊಡೆಯಲು ಚೆನ್ನಾಗಿಯೇ ಇತ್ತು. ತಯಾರಿಸಿದ ಕೂಡಲೇ ತುಂಬಿ ಹೊಡೆದು ನೋಡಿದ್ದ ಡಾಯ್ಲ್, ಒಂದೂ ನಡುವೆ ಸಿಕ್ಕಿಕೊಂಡಿರಲಿಲ್ಲ. ಆದರೆ ಕೈಚೀಲದಲ್ಲಿ ವಾರಗಟ್ಟಲೆ ಕುಲುಕಿಸಿಕೊಂಡು ತಿರುಗಿದವಳು ವರ್ಲೀನ್. ಮೂವತ್ತೆರಡರ ಗುಂಡಿಗೆ ಬುಡದಲ್ಲಿ ಕೂದಲೆಳೆಯಷ್ಟು ಅಂಚು ಹೊರಗೆ ಚಾಚಿಕೊಂಡಿರುತ್ತದೆ, ಒಂಬತ್ತಕ್ಕೆ ಅದಿಲ್ಲ. ಉರುಟು ಮೂತಿಯ ಉದ್ದನೆಯ ಗುಂಡಾದರೆ ಮ್ಯಾಗಜಿನ್‌ನಲ್ಲಿ ಅಲ್ಲಾಡದೆ ಕೂರುತ್ತದೆ. ತೂತು ಮೂತಿಯದು ಗಿಡ್ಡ. ಅದಕ್ಕೆ ಅತ್ತಿತ್ತ ಸರಿಯಲು ಜಾಗ ಸಿಗುತ್ತದೆ. ಕುಲುಕಿದಾಗ ಮೇಲಿನದರ ಅಂಚು ಜಾರಿ ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡಿತೋ, ಬ್ರಹ್ಮ ಬಂದರೂ ಬಿಡಿಸಲಾಗುವುದಿಲ್ಲ. ತಂಗಿಯ ಮನೆಯ ಕೆರೆ ಹತ್ತಿರ ಹೊಡೆದು ನೋಡಿದಾಗ ಎರಡು ಸಲ ಹಾಗೆ ಸಿಕ್ಕಿಕೊಂಡಿತ್ತು.

ಟಿವಿ ಮುಂದಿನಿಂದ ಎದ್ದು ಬಂದವನಿಗೆ ಹೋಗಿ ಏನೆಂದು ಹೇಳುವುದು? ಅವಳು ಹೇಳಲಿಲ್ಲ. ಅಂಗಡಿಯಲ್ಲಿ ಹೇಳಿಟ್ಟು ಉರುಟು ಮೂತಿಯ ಗುಂಡು ತರಿಸಿಕೊಂಡಳು. ಭಾನುವಾರ ಬೆಳಿಗ್ಗೆ ಡಾಯ್ಲ್ ಪ್ರೀತಿಯಿಂದ ಮ್ಯಾಗಜಿನ್ ತುಂಬಿ ಕೊಡುತ್ತಿದ್ದ. ಅವಳು ಬಚ್ಚಲಿಗೆ ಹೋಗಿ ಅವನದನ್ನು ತೆಗೆದು ಅಂಗಡಿಯದನ್ನು ತುಂಬಿಕೊಂಡು ಚರ್ಚಿಗೆ ಹೊರಡುತ್ತಿದ್ದಳು. ಮನೆಗೆ ಬಂದ ಮೇಲೆ ಮ್ಯಾಗಜಿನ್ ಮತ್ತೆ ಖಾಲಿ ಮಾಡಿಡುತ್ತಿದ್ದಳು. ವರ್ಷಗಳಿಂದ ಹೀಗೇ ನಡೆದಿತ್ತು, ಎಲ್ಲೂ ಎಡವಟ್ಟಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಎಡವಟ್ಟಾಯಿತು. ಬನ್ನಿನಂಥ ಬಿಸ್ಕತ್ತಿಗೆ ಗ್ರೇವಿ ಸುರಿದುಕೊಂಡು ತಿಂದು ಎದ್ದವಳು ನೋಡಿದರೆ ಕೈಚೀಲ ಮೇಜಿನ ಮೇಲಿಲ್ಲ. ಡಾಯ್ಲ್ ಅದನ್ನು ಹೆಗಲಿಗೆ ಹಾಕಿಕೊಂಡು ಪಿಕಪ್ ಪಕ್ಕ ನಿಂತಿದ್ದ. ಆ ಕೆಂಪು ಚೀಲ ಅವನ ಹೆಗಲಲ್ಲಿ ನೋಡಲು ನಗು ಬರುವ ಹಾಗಿತ್ತು.

"ಕೊಡೋ ಇಲ್ಲಿ."

"ಇವತ್ತು ನೀನು ರಾಣಿ, ನಾನು ಆಳು. ಮೂರೂ ಮ್ಯಾಗಜಿನ್ ರಾತ್ರಿನೇ ತುಂಬಿಟ್ಟಿದ್ದೀನಿ. ಒಂದೊಂದು ಗುಂಡನ್ನೂ ತೂಗಿ ಮಾಡಿದ್ದು ಕಣೇ. ಆ ಟ್ರೆಂಟ್‌ಗೆ ತೋರಿಸ್ತೀನಿ ಇಲಿ ಹೊಡೆಯೋದು ಹೇಗೆ ಅಂತ."

"ನಾನು ಬಚ್ಚಲಿಗೆ ಹೋಗ್ಬೇಕು."

"ಹೋಗು. ಚೀಲ ಯಾಕೆ? ಅಲ್ಲಿ ಯಾರು ಬರ್ತಾರೆ ನಿನ್ನ ಮೇಲೆ?"

ಬಚ್ಚಲಿಗೆ ಹೋದಂತೆ ಮಾಡಿ, ಕನ್ನಡಿಯಲ್ಲಿ ತನ್ನ ಮುಖಕ್ಕೆ ತಾನೇ "ಆಗಿದ್ದಾಗ್ಲಿ" ಎಂದು ಹೇಳಿ ಬಂದಳು. ಕ್ಲಬ್ಬಿನ ದಾರಿ ಬರೀ ಜಲ್ಲಿಕಲ್ಲು. ಪಿಕಪ್ ಕುಣಿಯುತ್ತ ಹೋಗುವಾಗ ಚೀಲ ಡಾಯ್ಲನ ತೊಡೆಯ ಪಕ್ಕದಲ್ಲಿ ಎಗರಿ ಎಗರಿ ಬೀಳುತ್ತಿತ್ತು. "ನಿಧಾನಕ್ಕೆ ಓಡಿಸೋ ಮಾರಾಯ," ಎಂದು ಅವಳು ಗದರಿದರೆ, "ಇವತ್ತೇನು ನಿನಗೆ ನಡುಕವಾ?" ಎಂದು ಅವನು ನಕ್ಕ.

ಮೈದಾನದಲ್ಲಿ ತಂಡದವರೆಲ್ಲ ಸೇರಿದ್ದರು. ಜೊತೆಗೆ, ಕೆಲಸವಿಲ್ಲದ ಅರ್ಧ ಊರೂ. ಡಾಯ್ಲ್ ಹಳೆಯ ಹೂವಿನ ಚಿತ್ತಾರದ ಹಾಸಿಗೆ ಹೊದಿಕೆಯೊಂದನ್ನು ತಂದು ವರ್ಲೀನ್ ನಿಲ್ಲುವ ಜಾಗದ ಬಲಕ್ಕೆ ಹುಲ್ಲಿನ ಮೇಲೆ ಹಾಸಿದ. ಖಾಲಿ ಹಿತ್ತಾಳೆ ಅದರ ಮೇಲೆ ಬೀಳಲಿ ಎಂದು. ಒಂಬತ್ತರವರು ಬಿದ್ದದ್ದನ್ನು ಬಿಟ್ಟು ಹೋಗುತ್ತಾರೆ, ಮೂವತ್ತೆರಡರವರಿಗೆ ಒಂದೊಂದೂ ಬಂಗಾರ.

"ಏನ್ ಡಾಯ್ಲ್, ಊಟದ ಬುತ್ತಿನೂ ತಂದಿದ್ದೀಯಾ?" ಎಂದು ಒಬ್ಬ ಕೂಗಿದ.

"ನಿನಗೆ ಬಡಿಸಲ್ಲ, ಸುಮ್ನಿರು," ಎಂದ ಡಾಯ್ಲ್.

ಮೈದಾನದ ಉಸ್ತುವಾರಿ ಓರ್ವಲ್ ಸ್ಟಿಡಮ್‌ದು. ಡಾಯ್ಲನ ಜೊತೆ ಕಂಬ ಹತ್ತಿದವನು, ನಗುವುದನ್ನು ದುಂದುವೆಚ್ಚ ಅಂದುಕೊಂಡವನು. ಆ ಕ್ಲಬ್ಬಿನಲ್ಲಿ ಒಂದು ಹಳೆಯ ಕಟ್ಟಳೆಯಿದೆ. ನಡುವೆ ಪಿಸ್ತೂಲು ನಿಂತರೆ ಹೊಡೆಯುವವರು ಎಡಗೈ ಮೇಲೆತ್ತಬೇಕು. ಓರ್ವಲ್ ಬಂದು, "ಪಿಸ್ತೂಲೋ, ಗುಂಡೋ?" ಎಂದು ಕೇಳುತ್ತಾನೆ. ಗುಂಡು ಎಂದರೆ ಬೇರೆ ಗುಂಡು ತುಂಬಿ ಮತ್ತೆ ಹೊಡೆಯಬಹುದು. ಪಿಸ್ತೂಲು ಎಂದರೆ ಆಟದಿಂದ ಹೊರಗೆ. ಏನಾಗಿದೆ ಎಂದು ಬೇರೆ ಯಾರೂ ನೋಡುವುದಿಲ್ಲ, ಬೇರೆ ಯಾರೂ ಬಾಯಿ ಹಾಕುವ ಹಾಗಿಲ್ಲ. ಹೊಡೆಯುವವರ ಬಾಯಿಂದ ಬಂದದ್ದೇ ಕೊನೆ. ಆ ಕಟ್ಟಳೆ ಮುರಿದು ಸುಳ್ಳು ಹೇಳಿದವರ ಜೊತೆ ಯಾರೂ ಬೇಟೆಗೂ ಹೋಗುವುದಿಲ್ಲ.

ವರ್ಲೀನ್ ಕಿವಿಗೆ ಮುಚ್ಚಳ ಹಾಕಿ ನಿಂತಳು. ಮೊದಲನೆಯ ಮ್ಯಾಗಜಿನ್ ಎಲ್ಲೂ ನಿಲ್ಲದೆ ಓಡಿತು. ಗುರಿಯ ಹಾಳೆಯ ನಡುವೆ ಎಲ್ಲ ತೂತುಗಳನ್ನೂ ಒಂದು ಕಾಫಿ ತಟ್ಟೆಯಿಂದ ಮುಚ್ಚಬಹುದಿತ್ತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಟ್ರೆಂಟ್ ಹುಬ್ಬೇರಿಸಿ ತಲೆಯಾಡಿಸಿದ. ಅವಳ ಮೈಯೆಲ್ಲ ಬೆಚ್ಚಗಾಯಿತು. ಆಹಾ, ಇದು ನನ್ನ ಪಿಸ್ತೂಲು, ನಾಳೆ ಅದು ನನ್ನ ಬಾಗಿಲು!

ಎರಡನೆಯ ಮ್ಯಾಗಜಿನ್. ಒಂದು. ಎರಡು. ಮೂರನೆಯದಕ್ಕೆ ಬೆರಳು ಒತ್ತಿದರೆ ಏನೂ ಇಲ್ಲ. ಪಿಸ್ತೂಲಿನ ಮೇಲ್ಭಾಗ ಅರ್ಧಕ್ಕೇ ನಿಂತುಬಿಟ್ಟಿತ್ತು. ಅವಳಿಗೆ ನೋಡದೆಯೇ ಗೊತ್ತಾಯಿತು. ಆ ಹಾಳು ಅಂಚು.

ಎಡಗೈ ಎತ್ತಿದಳು.

ಓರ್ವಲ್ ಹತ್ತಿರ ಬಂದ. ಅವನ ಬೆನ್ನ ಹಿಂದೆ ಡಾಯ್ಲ್ ಕಾಣುತ್ತಿದ್ದ. ಹೊದಿಕೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಿದ್ದ ಹಿತ್ತಾಳೆಯನ್ನು ಊದಿ ನೋಡುತ್ತಿದ್ದ, ಕಿವಿಗೆ ಮುಚ್ಚಳ, ಮುಖದ ತುಂಬ ಹೆಮ್ಮೆ. ಅವನ ಸುತ್ತ ನಿಂತ ಗಂಡಸರಲ್ಲಿ ಅರ್ಧಕ್ಕರ್ಧ ಜನರ ಚೀಲದಲ್ಲಿ ಅವನ ಗುಂಡೇ ಇತ್ತು. ಒಂದು ಮಾತು ಬಿದ್ದರೆ ಸಾಕು, ಯಾರೂ ಎದುರಿಗೆ ಏನೂ ಅನ್ನುವುದಿಲ್ಲ. "ಈ ವಾರ ಬೇಡ ಡಾಯ್ಲ್, ಇದೆ ನನ್ನ ಹತ್ರ" ಎನ್ನುತ್ತಾರೆ. ಮುಂದಿನ ವಾರವೂ ಹಾಗೇ. ಮತ್ತೆ ಟಿವಿ ಮುಂದಿನ ಕುರ್ಚಿ.

"ಪಿಸ್ತೂಲೋ, ಗುಂಡೋ?" ಎಂದ ಓರ್ವಲ್.

ಬಾಗಿಲು ಅವಳ ಕಣ್ಣಿಗೆ ಕಟ್ಟಿದಂತೆ ಬಂತು. ಹಿತ್ತಾಳೆಯ ಹಿಡಿಕೆ, ಒಳಬರುವ ಚಳಿಗಾಳಿ, ಎಣ್ಣೆ ಹಚ್ಚಿದ ತಲೆಗಳು.

"ಪಿಸ್ತೂಲು," ಎಂದಳು.

ಓರ್ವಲ್ ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ಖಂಡಿತಾನಾ?"

"ನಿನಗೇನು ಕಿವುಡಾ? ಪಿಸ್ತೂಲು ಅಂದ್ನಲ್ಲ."

"ಪಿಸ್ತೂಲು!" ಎಂದು ಓರ್ವಲ್ ಹಿಂದಕ್ಕೆ ತಿರುಗಿ ಕೂಗಿದ. ಜನ ಗುಜುಗುಜು ಅಂದರು. ಟ್ರೆಂಟ್ ಸದ್ಯ ನಗಲಿಲ್ಲ. "ಛೇ, ಚೆನ್ನಾಗಿ ಹೊಡೀತಿದ್ರಿ ಮಿಸ್ ವರ್ಲೀನ್," ಎಂದ, ಅವನಿಗೆ ನಿಜವಾಗಿಯೂ ಬೇಜಾರಾದಂತಿತ್ತು. ಅವಳು ಪಿಸ್ತೂಲನ್ನು ಮೇಜಿನ ಮೇಲೆ, ನಳಿಗೆ ಗುರಿಯ ಕಡೆಗಿರುವಂತೆ ಇಟ್ಟು, ಮ್ಯಾಗಜಿನ್ ಹೊರಗೆಳೆದು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಡಾಯ್ಲ್ ಕಿವಿಯ ಮುಚ್ಚಳ ತೆಗೆದ. "ಏನಂತೆ? ಏನಂದ್ಳು?" ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ಹೇಳಿದ. ಡಾಯ್ಲನ ಮುಖ ಗಂಟಿಕ್ಕಿತು. ಮೊಣಕಾಲು ಹಿಡಿದುಕೊಂಡು ಎದ್ದು ನೆಟ್ಟಗೆ ಹೆಂಡತಿಯ ಹತ್ತಿರ ಬಂದ.

"ಆ ಪಿಸ್ತೂಲನ್ನ ಹೋದ ವಾರ ಬಿಚ್ಚಿ ತೊಳೆದಿದ್ದು ನಾನು. ಅದರಲ್ಲಿ ಏನೂ ಇಲ್ಲ. ಕೈ ಬಿಚ್ಚು."

"ಮನೆಗೆ ಹೋಗೋಣ ನಡಿ."

"ವರ್ಲೀನ್. ಕೈ ಬಿಚ್ಚು."

ಅವಳು ಬಿಚ್ಚಲಿಲ್ಲ. ಅವನು ಅವಳ ನೋಯುವ ಬೆರಳುಗಳನ್ನು ಒಂದೊಂದಾಗಿ, ಮೆತ್ತಗೆ ಬಿಡಿಸಿ ಮ್ಯಾಗಜಿನ್ ತೆಗೆದುಕೊಂಡ. ಬಿಸಿಲಿಗೆ ಹಿಡಿದು ನೋಡಿದ. ಮೇಲಿನ ಗುಂಡನ್ನು ಹೆಬ್ಬೆರಳಿನಿಂದ ಒತ್ತಿದ, ಅದು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಗುಂಡು ಗಿಡ್ಡ, ಜಾಗ ಹೆಚ್ಚು, ಅಂಚಿನ ಹಿಂದೆ ಅಂಚು. ಮೇಜಿನ ಮುಂದೆ ಕೂತು ಕೂದಲೆಳೆ ತೂಗುವವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಓರ್ವಲ್," ಎಂದು ಕೂಗಿದ, "ಪಿಸ್ತೂಲಲ್ಲ. ಗುಂಡು."

"ನೀನು ಹೇಳಿದ್ರೆ ನಡೆಯಲ್ಲಪ್ಪ," ಎಂದ ಓರ್ವಲ್. "ಹೊಡೆದೋಳು ಪಿಸ್ತೂಲು ಅಂದಿದ್ದಾಳೆ. ಮುಂದಿನವರು ನಿಲ್ಲೋ ತನಕ ಮಾತು ಬದಲಾಯಿಸ್ಬಹುದು. ಆದ್ರೆ ಅವಳೇ ಬದಲಾಯಿಸ್ಬೇಕು."

ಡಾಯ್ಲ್ ಹೆಂಡತಿಯ ಕಡೆ ತಿರುಗಿದ. "ಹೇಳು."

"ನಾನು ಹೇಳೋದು ಹೇಳಿ ಆಯ್ತು."

"ಹೇಳೇ!"

"ಹೇಳಲ್ಲ ಕಣೋ! ಏನ್ ಮಾಡ್ತೀಯ?"

"ನನ್ನ ಗೊರಕೆ ವಿಷಯ ಊರಿಗೆಲ್ಲ ಹೇಳ್ದೆ," ಎಂದ ಡಾಯ್ಲ್. ಮೈದಾನಕ್ಕೆಲ್ಲ ಕೇಳುವ ಹಾಗೆ. "ನಮ್ಮ ಮದುವೇಲಿ ನಾನು ಪಾದ್ರಿ ಹೆಸರು ತಪ್ಪು ಹೇಳಿದ್ದು ಈಗ್ಲೂ ಹೇಳ್ತೀಯ. ಹಿಂದಕ್ಕೆ ಬರ್ತಾ ನಿನ್ನ ಅಂಗಡಿ ಬೋರ್ಡಿಗೆ ಪಿಕಪ್ ಗುದ್ದಿದ್ದು, ಅಳಿಯನ ನಾಯಿನ ಕೊಯೋಟಿ ನರಿ ಅಂದ್ಕೊಂಡು ಓಡಿಸಿದ್ದು, ಒಂದಾದ್ರೂ ಬಿಟ್ಟಿದ್ದೀಯಾ? ಇಷ್ಟು ವರ್ಷ ನನ್ನ ತಪ್ಪೆಲ್ಲ ಡಂಗುರ ಹೊಡೆದವಳಿಗೆ ಇವತ್ತೊಂದು ದಿನ ಬಾಯಿಗೆ ಏನು ಬಡೀತು?"

ಯಾರೋ ನಕ್ಕರು. ಯಾರೋ ಅವರನ್ನು ಸುಮ್ಮನಿರಿಸಿದರು. ವರ್ಲೀನಳ ಕಣ್ಣು ತುಂಬಿ ಬಂತು, ಕೋಪವೂ ಬಂತು, ಯಾವುದು ಮೊದಲು ಎಂದು ಅವಳಿಗೇ ಗೊತ್ತಾಗಲಿಲ್ಲ.

"ಗುಂಡು," ಎಂದಳು ಸಣ್ಣಗೆ.

"ಯಾರು ಮಾಡಿದ್ದು ಅಂತಾನೂ ಹೇಳು. ಇವರ ಚೀಲದಲ್ಲೂ ಇದಾವೆ, ಇವರಿಗೂ ಗೊತ್ತಾಗ್ಬೇಕು."

"ಡಾಯ್ಲ್ ಮಾಡಿದ್ದು!" ಎಂದು ಅವಳು ಇದ್ದಷ್ಟು ಗಂಟಲಲ್ಲಿ ಕಿರುಚಿದಳು. "ನನ್ನ ಗಂಡ ಮಾಡಿದ್ದು! ತೂತು ಮೂತಿ ಹಾಕಿದ್ದಾನೆ, ಕುಲುಕಿದ್ರೆ ಸಿಕ್ಕಾಕ್ಕೊಳ್ಳುತ್ತೆ! ಸಾಕಾ? ಸಮಾಧಾನ ಆಯ್ತಾ?"

"ಆಯ್ತು," ಎಂದ ಡಾಯ್ಲ್. ಆದರೆ ಅವನ ಮುಖದಿಂದ ಬಣ್ಣ ಇಳಿದಿತ್ತು.

"ಗುಂಡು!" ಎಂದು ಓರ್ವಲ್ ಕೂಗಿದ. "ಬೇರೆ ಗುಂಡು ಇದ್ಯಾ ನಿನ್ನ ಹತ್ರ?"

ಈ ಪ್ರಶ್ನೆ ಬರುತ್ತದೆ ಎಂದು ವರ್ಲೀನ್ ಯೋಚಿಸಿರಲಿಲ್ಲ. ಕೆಂಪು ಚೀಲದ ಒಳಜಿಪ್ಪು ಎಳೆದು, ಬಾಚಣಿಗೆ ಕರವಸ್ತ್ರಗಳ ಕೆಳಗಿನಿಂದ ಅಂಗಡಿಯ ಡಬ್ಬಿ ತೆಗೆದಳು. ಡಬ್ಬಿಯ ಮೂಲೆಗಳು ಸವೆದು ಬಿಳಿಯಾಗಿದ್ದವು. ಮುಚ್ಚಳ ತೆರೆದರೆ ಅರ್ಧಕ್ಕಿಂತ ಹೆಚ್ಚು ಖಾಲಿ. ಡಾಯ್ಲ್ ಡಬ್ಬಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಮ್ಯಾಗಜಿನ್‌ನಲ್ಲಿ ಸಿಕ್ಕಿಕೊಂಡಿದ್ದ ತನ್ನ ಗುಂಡುಗಳನ್ನು ಜೇಬಿನ ಕೀಲಿಕೈಯಿಂದ ಮೀಟಿ ಬೀಳಿಸಿ, ಮೂರನೆಯ ಮ್ಯಾಗಜಿನ್ನನ್ನೂ ಖಾಲಿ ಮಾಡಿ, ಎರಡಕ್ಕೂ ಅಂಗಡಿಯ ಗುಂಡುಗಳನ್ನು ಒಂದೊಂದಾಗಿ ತಾನೇ ತುಂಬಿಕೊಟ್ಟ.

ಅವಳು ಹೊಡೆದಳು. ಕಣ್ಣು ಮಂಜಾಗಿದ್ದರೂ ಹೊಡೆದಳು. ಪಿಸ್ತೂಲು ಎಲ್ಲೂ ನಿಲ್ಲಲಿಲ್ಲ. ಉಳಿದ ಮ್ಯಾಗಜಿನ್‌ಗಳು ಮುಗಿದಾಗ ಟ್ರೆಂಟ್ ಹೋಗಿ ಗುರಿಯ ಹಾಳೆ ಹರಿದು ತಂದು ಅವಳ ಕೈಗೆ ಕೊಟ್ಟ.

"ಬಾಗಿಲು ನಿಮ್ಮದೇ ಮಿಸ್ ವರ್ಲೀನ್. ನನ್ನ ಗುಂಡು ನಿಮಗೆ ಆಗಲ್ಲ, ನಿಮ್ಮದು ನನಗೆ ಆಗಲ್ಲ, ಏನ್ ಮಾಡೋದು. ಒಂದು ಡಬ್ಬಿ ಜಾಸ್ತಿ ಇಟ್ಕೊಳ್ಳಿ."

"ಇಟ್ಕೋತೀನಪ್ಪ. ಕೂದಲು ಕತ್ತರಿಸ್ಕೋ, ಕಿವಿ ಮೇಲೆ ಬಂದಿದೆ."

ಆಮೇಲೆ ಓರ್ವಲ್‌ನ ಸರದಿ, ಅವನೂ ತಂಡದವನೇ. ಅವನು ತನ್ನ ಚೀಲದಿಂದ ಡಾಯ್ಲ್ ಕೊಟ್ಟಿದ್ದ ಗುಂಡಿನ ಡಬ್ಬಿ ತೆಗೆದ. ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ಇಟ್ಟು, ಒಂದೊಂದನ್ನೇ ಟಕ್ ಟಕ್ ಎಂದು ತುಂಬಿಕೊಂಡು, ಹೊಡೆದ. ಡಾಯ್ಲ್ ಅದನ್ನು ನೋಡಿದನೋ ಇಲ್ಲವೋ, ಹೊದಿಕೆಯ ನಾಲ್ಕು ತುದಿ ಹಿಡಿದು ಹಿತ್ತಾಳೆಯನ್ನೆಲ್ಲ ನಡುವೆ ಗುಡ್ಡೆ ಮಾಡುತ್ತಿದ್ದ.

ಮನೆಗೆ ಹೋಗುವ ದಾರಿಯಲ್ಲಿ ಜಲ್ಲಿಕಲ್ಲು ಮುಗಿದು ಡಾಂಬರು ಬಂದ ಮೇಲೆ ಡಾಯ್ಲ್ ಕೇಳಿದ.

"ಎಷ್ಟು ದಿನದಿಂದ?"

"ಮೊದಲಿಂದ."

"ನನ್ನದನ್ನ ಏನು ಮಾಡ್ತಿದ್ದೆ? ಕೆರೆಗೆ ಎಸೀತಿದ್ದೆಯಾ?"

"ಮನೆಗೆ ಬಾ, ತೋರಿಸ್ತೀನಿ."

ಮುಂದಿನ ಕೋಣೆಯಲ್ಲಿ ಅವಳ ಹಳೆಯ ಅಂಗಡಿ ಹಾಗೇ ಇತ್ತು. ಕುರ್ಚಿ, ಕನ್ನಡಿ, ಕೂದಲು ಸುರುಳಿ ಮಾಡುವ ಕಡ್ಡಿಗಳನ್ನು ಇಡುವ ಚಕ್ರದ ಗಾಡಿ. ವರ್ಲೀನ್ ಗಾಡಿಯ ಡ್ರಾಯರುಗಳನ್ನು ಮೇಲಿನಿಂದ ಕೆಳಗೆ ಎಳೆದು ತೋರಿಸಿದಳು. ಕಡ್ಡಿಗಳ ಗೂಡುಗಳಲ್ಲಿ, ಗುಲಾಬಿ ಬಣ್ಣದ್ದಕ್ಕೊಂದು, ನೀಲಿ ಬಣ್ಣದ್ದಕ್ಕೊಂದು ಇದ್ದ ಜಾಗದಲ್ಲೆಲ್ಲ ಡಾಯ್ಲನ ಮೂವತ್ತೆರಡುಗಳು ನೆಟ್ಟಗೆ ನಿಂತಿದ್ದವು. ಧೂಳಿಲ್ಲ, ಕಲೆಯಿಲ್ಲ. ಅವನು ಕೊಟ್ಟ ಒಂದನ್ನೂ ಅವಳು ಎಸೆದಿರಲಿಲ್ಲ. ಭಾನುವಾರದ ಮೇಲೆ ಭಾನುವಾರ, ಒರೆಸಿ ಒರೆಸಿ ಇಟ್ಟಿದ್ದಳು.

ಡಾಯ್ಲ್ ಸಲೂನಿನ ಕುರ್ಚಿಯ ಮೇಲೆ ಕೂತ. ಡ್ರಾಯರಿನಿಂದ ಒಂದು ಗುಂಡು ಎತ್ತಿ ತಿರುಗಿಸಿ ನೋಡಿದ.

"ಇದಕ್ಕೋಸ್ಕರ ಬಾಗಿಲು ಬಿಟ್ಟುಕೊಡೋಕೆ ಹೊರಟಿದ್ಯಾ? ಆ ಬಾಗಿಲು ಅಂದ್ರೆ ಪ್ರಾಣ ನಿನಗೆ."

"ಹೌದು, ಪ್ರಾಣ. ಸುಳ್ಳು ಹೇಳಲ್ಲ, ಅಲ್ಲಿ ನಿಂತಾಗ ಕರುಳು ಕಿತ್ಕೊಂಡು ಬಂತು." ಅವಳು ಡ್ರಾಯರು ಮುಚ್ಚಿದಳು. "ಆದ್ರೆ ಚರ್ಚಿಗೆ ಪಕ್ಕದ ಬಾಗಿಲ ಹತ್ರಾನೂ ಯಾರಾದ್ರೂ ನಿಲ್ಲಬೇಕು. ಬೇಡಿಕೊಂಡಾದ್ರೂ ಅದನ್ನ ತಗೋತಿದ್ದೆ. ಮೂವತ್ತೆರಡಕ್ಕೆ ಗುಂಡು ಮಾಡಿಕೊಡೋ ಗಂಡ ಇನ್ನೊಬ್ಬ ನನಗೆ ಈ ಓಕ್ಲಹೋಮಾದಲ್ಲಿ ಎಲ್ಲಿ ಸಿಗ್ತಾನೋ?"

ಡಾಯ್ಲ್ ಮುಖ ಆಚೆ ತಿರುಗಿಸಿದ. ಕನ್ನಡಿ ಎದುರಿಗೇ ಇತ್ತು, ತಿರುಗಿಸಿಯೂ ಪ್ರಯೋಜನವಾಗಲಿಲ್ಲ, ಅವಳಿಗೆ ಎಲ್ಲ ಕಂಡಿತು.

"ಮುದುಕಿ," ಎಂದ, "ಸಿಕ್ಕಾಕ್ಕೊಳ್ಳುತ್ತೆ ಅಂತ ಅವತ್ತೇ ಹೇಳಿದ್ರೆ ನಾನು ಮುರಿದು ಬೀಳ್ತಿದ್ನಾ?"

"ಅವತ್ತು ಬೀಳ್ತಿದ್ದೆ."

ಅವನು ಯೋಚಿಸಿದ. "ಹೂಂ," ಎಂದ ಕೊನೆಗೆ, "ಅವತ್ತು ಬೀಳ್ತಿದ್ದೆ." ಎದ್ದು ಕಾರ್ ಶೆಡ್ಡಿಗೆ ಹೋಗಿ, ಗುಂಡಿನಿಂದ ಮೂತಿ ಕಳಚುವ, ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆಯನ್ನೂ ಉರುಟು ಮೂತಿಗಳ ಪೊಟ್ಟಣವನ್ನೂ ತಂದು ಮರದ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡ. "ಕೊಡು ಒಂದೊಂದೇ. ಇವೆಲ್ಲ ಬಿಚ್ಚಿ ಮತ್ತೆ ಕೂರಿಸೋಷ್ಟರಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಸತ್ತಿರ್ತೀವಿ."

"ನೀನು ಮೊದಲು ಸಾಯ್ಬೇಡ. ನನಗೆ ಆ ಸುತ್ತಿಗೆ ಹಿಡಿಯೋಕೆ ಬರಲ್ಲ."

ಅವಳು ಗೂಡಿನಿಂದ ಗುಂಡು ಎತ್ತಿ ಕೊಟ್ಟಳು. ಅವನು ಸುತ್ತಿಗೆಯೊಳಗೆ ಇಟ್ಟು ಹಲಗೆಗೆ ಕುಟ್ಟಿದ. ಮೂತಿ ಕಳಚಿತು, ಮದ್ದು ಸುರಿಯಿತು. ಸುರುಳಿ ಕಡ್ಡಿ ಎತ್ತಿ ಎತ್ತಿ ಪಳಗಿದ ಅವಳ ಬೆರಳುಗಳು ನೋಡದೆಯೇ ಮುಂದಿನದನ್ನು ಹುಡುಕಿ ಕೊಡುತ್ತಿದ್ದವು, ನಡುನಡುವೆ ನೋವೆಂದು ಬೈಯುತ್ತಲೂ ಇದ್ದವಳು ಅವಳೇ. ಮಧ್ಯಾಹ್ನದ ಬಿಸಿಲು ಕನ್ನಡಿಯ ಮೇಲಿನಿಂದ ಸರಿದು ಹೋಗುವವರೆಗೂ ಆ ಮನೆಯಿಂದ ಟೊಕ್ ಟೊಕ್ ಸದ್ದು ಬರುತ್ತಿತ್ತು.

ಭಾನುವಾರ ಬೆಳಿಗ್ಗೆ ಡಾಯ್ಲ್ ಅಡುಗೆಮನೆಯ ಮೇಜಿನ ಮೇಲೆ ಮ್ಯಾಗಜಿನ್ ತುಂಬಿಟ್ಟ, ಉರುಟು ಮೂತಿಯವು. ಚೀಲದೊಳಗೆ ಅದನ್ನು ಹಾಕಿ, ಗಟ್ಟಿಯಾಗಿ ಕುಲುಕಿ, ಹೊರಗೆ ತೆಗೆದು, ಮೇಲಿನ ಗುಂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮತ್ತೆ ಕುಲುಕಿದ. ವರ್ಲೀನ್ ತುಟಿಗೆ ಕೆಂಪು ಹಚ್ಚಿಕೊಂಡು ಬಂದು ಅದನ್ನು ಪಿಸ್ತೂಲಿಗೆ ಏರಿಸಿದಳು. ಬಚ್ಚಲಿನ ಕಡೆಗೆ ತಿರುಗಿಯೂ ನೋಡದೆ ಚರ್ಚಿಗೆ ಹೊರಟಳು.